ಕೋಚ್ ಕೋಣೆಯ ಬಾಗಿಲು

1951ರ ಫೆಬ್ರವರಿ ತಿಂಗಳ ಕೊನೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ ಒಂದು ಸಾಧಾರಣ ಮನೆ. ಕಾಲೇಜು ಓದುವ ಹುಡುಗನೊಬ್ಬ ಪೊಲೀಸರನ್ನು ತನ್ನ ಮಲಗುವ ಕೋಣೆಗೆ ಕರೆದುಕೊಂಡು ಹೋಗಿ ಒಂದು ಹೂಕುಂಡವನ್ನು ತೋರಿಸುತ್ತಾನೆ. ಮಣ್ಣು ಕೆದಕಿದರೆ ಕರವಸ್ತ್ರದ ಗಂಟು. ಗಂಟು ಬಿಚ್ಚಿದರೆ 2,890 ಡಾಲರ್. ಹುಡುಗನ ಹೆಸರು ಫ್ಲಾಯ್ಡ್ ಲೇನ್. ಕಳ್ಳ ಹಣ ಬಚ್ಚಿಡುವುದಕ್ಕೂ ಒಂದು ಅಭ್ಯಾಸ ಬೇಕು. ಆ ಹುಡುಗನಿಗೆ ಅದು ಇರಲಿಲ್ಲ ಎಂಬುದನ್ನು ಹೂಕುಂಡವೇ ಹೇಳುತ್ತದೆ.

ವಾರದ ಹಿಂದಷ್ಟೇ ಅವನ ಜತೆಗಾರರು ಸಿಕ್ಕಿಬಿದ್ದಿದ್ದರು. ಸದ್ಯ, ಲೇನ್ ಒಬ್ಬ ಉಳಿದನಲ್ಲ, ಅವನ ಕೈ ಶುದ್ಧವಾಗಿದೆಯಲ್ಲ ಎಂದು ಇಡೀ ಕಾಲೇಜು ಅವನ ಹೆಸರಿನಲ್ಲಿ ಜೈಕಾರ ಹಾಕಿತ್ತು. ಆ ಜೈಕಾರ ಕೇಳುತ್ತ ನಿಂತಾಗ ಅವನಿಗೆ ಮನೆಯ ಹೂಕುಂಡ ನೆನಪಾಗದೆ ಇರಲು ಸಾಧ್ಯವೇ?

ಕೇಳುಗರೇ, ಇವತ್ತು ನಾನು ಮಾತಾಡಬೇಕೆಂದಿರುವುದು ಈ ಹುಡುಗರ ಬಗ್ಗೆ ಅಷ್ಟಲ್ಲ, ಇವರಿಗೆ ಆಟ ಕಲಿಸಿದ ಗುರುಗಳ ಬಗ್ಗೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಕಂಡ ಅತಿ ದೊಡ್ಡ ಮೋಸದ ಹಗರಣಗಳಲ್ಲಿ ಒಂದು ಅದು. 1947ರಿಂದ 1950ರವರೆಗೆ ನಡೆದ 86 ಪಂದ್ಯಗಳಲ್ಲಿ ಕೈವಾಡ, ಏಳು ಕಾಲೇಜುಗಳ 32 ಆಟಗಾರರು. ಆ ಏಳರಲ್ಲಿ ಕೆಲವು ಕಡೆ ಇದ್ದವರು ದೇಶದಲ್ಲೇ ಹೆಸರಾಂತ ಕೋಚ್‌ಗಳು. ಹುಡುಗನ ಮೊಣಕೈ ಒಂದಂಗುಲ ಆಚೀಚೆ ಆದರೆ ದೂರದಿಂದಲೇ ಗುರುತಿಸುತ್ತಿದ್ದವರು. ಅದೇ ಹುಡುಗ ಬೇಕೆಂದೇ ಚೆಂಡು ತಪ್ಪಿಸಿದಾಗ ಅವರಿಗೆ ಹೇಗೆ ಕಾಣಲಿಲ್ಲ? ಇದು ನನ್ನನ್ನು ಬಹಳ ದಿನದಿಂದ ಕಾಡಿರುವ ಪ್ರಶ್ನೆ.

ಮೊದಲು ಮೋಸದ ರೀತಿ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲ ಗುಟ್ಟೂ ಅದರಲ್ಲೇ ಇದೆ. ಅದರ ಹೆಸರು ಪಾಯಿಂಟ್ ಶೇವಿಂಗ್. ಶೇವಿಂಗ್ ಎಂದರೆ ನಮಗೆ ಗಡ್ಡ ಬೋಳಿಸುವುದೇ ನೆನಪಾಗುತ್ತದೆ, ಇದೂ ಹಾಗೆಯೇ, ಮೇಲ್ಮೇಲೆ ಸವರುವುದು. ಎರಡು ತಂಡಗಳಲ್ಲಿ ಒಂದು ಬಲವಾದದ್ದು, ಅದು ಹತ್ತು ಅಂಕಗಳಿಂದ ಗೆಲ್ಲುತ್ತದೆ ಎಂದು ಬುಕ್ಕಿಗಳು ಅಂದಾಜು ಕಟ್ಟುತ್ತಾರೆ. ಬಾಜಿ ನಡೆಯುವುದು ಯಾರು ಗೆಲ್ಲುತ್ತಾರೆ ಎಂಬುದರ ಮೇಲಲ್ಲ, ಆ ಹತ್ತರ ಮೇಲೆ. ಈಗ ಜೂಜುಕೋರ ಬಂದು ಬಲವಾದ ತಂಡದ ಹುಡುಗನ ಕಿವಿಯಲ್ಲಿ ಹೇಳುತ್ತಾನೆ: ನೀನು ಸೋಲಬೇಡಪ್ಪಾ, ಗೆಲ್ಲು. ಆದರೆ ಹತ್ತರ ಬದಲು ನಾಲ್ಕೈದರಿಂದ ಗೆಲ್ಲು. ಕಾಲೇಜಿಗೆ ಗೆಲುವು, ನಿನಗೆ ಸಾವಿರ ಡಾಲರ್, ನನಗೆ ನನ್ನ ಲಾಭ. ಯಾರಿಗೆ ನಷ್ಟ?

ಇಪ್ಪತ್ತು ವರ್ಷದ ಹುಡುಗನ ತಲೆಗೆ ಈ ಲೆಕ್ಕ ಎಷ್ಟು ಸಲೀಸಾಗಿ ಇಳಿಯುತ್ತದೆ ನೋಡಿ. ನಾವು ಸೋತಿಲ್ಲವಲ್ಲ!

ಈ ಪಾಠ ಅವರಿಗೆ ಆಗಿದ್ದು ಕಾಲೇಜಿನಲ್ಲಿ ಅಲ್ಲ. ನ್ಯೂಯಾರ್ಕಿನ ಉತ್ತರಕ್ಕೆ ಕ್ಯಾಟ್‌ಸ್ಕಿಲ್ ಬೆಟ್ಟಗಳಿವೆ. ಅಲ್ಲಿನ ಬೇಸಿಗೆಯ ಹೋಟೆಲ್‌ಗಳಲ್ಲಿ ಕಾಲೇಜು ಆಟಗಾರರಿಗೆ ರಜೆಯಲ್ಲಿ ಕೆಲಸ ಸಿಗುತ್ತಿತ್ತು. ಹಗಲು ಊಟ ಬಡಿಸುವುದು, ಪೆಟ್ಟಿಗೆ ಹೊರುವುದು. ರಾತ್ರಿ ಹೋಟೆಲ್ ತಂಡಕ್ಕೆ ಆಡಿ ಅತಿಥಿಗಳನ್ನು ರಂಜಿಸುವುದು. ಎರಡೂ ತಂಡಗಳ ಅಂಕ ಕೂಡಿಸಿದರೆ ಎಷ್ಟಾಗುತ್ತದೆ ಎಂದು ಅತಿಥಿಗಳು ಚೀಟಿ ಎತ್ತುತ್ತಿದ್ದರು. ಮೊತ್ತವನ್ನು ಬೇಕಾದ ಚೀಟಿಗೆ ತಂದು ನಿಲ್ಲಿಸುವುದು ಆಡುವವರಿಗೆ ಕಷ್ಟವೇ? ಅಲ್ಲಿ ಅದೊಂದು ತಮಾಷೆ. ಅದೇ ತಮಾಷೆ ಚಳಿಗಾಲದಲ್ಲಿ ಬೆಟ್ಟ ಇಳಿದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಬಂತು.

ಗಾರ್ಡನ್ ಎಂದರೆ ಹೂದೋಟವಲ್ಲ. ಮ್ಯಾನ್‌ಹಟನ್ ನಡುವೆ ಇದ್ದ ದೊಡ್ಡ ಒಳಾಂಗಣ ಕ್ರೀಡಾಂಗಣ. 1934ರ ಡಿಸೆಂಬರ್‌ನಲ್ಲಿ ನೆಡ್ ಐರಿಷ್ ಎಂಬ ಮಾಜಿ ಪತ್ರಕರ್ತ ಅಲ್ಲಿ ಒಂದೇ ರಾತ್ರಿ ಎರಡೆರಡು ಕಾಲೇಜು ಪಂದ್ಯ ಆಡಿಸುವ ವ್ಯವಹಾರ ಶುರು ಮಾಡಿದರು. ಮೊದಲ ರಾತ್ರಿಯೇ 16,000ಕ್ಕೂ ಹೆಚ್ಚು ಜನ. ಅಲ್ಲಿಯವರೆಗೆ ಕಾಲೇಜಿನ ಇಕ್ಕಟ್ಟಿನ ಜಿಮ್‌ಗಳಲ್ಲಿ ನಡೆಯುತ್ತಿದ್ದ ಆಟಕ್ಕೆ ಟಿಕೆಟ್ಟು, ಪತ್ರಿಕೆ, ಬಾಜಿ ಎಲ್ಲ ಅಂಟಿಕೊಂಡಿತು. ಕಾಲೇಜಿಗೆ ಹಣ ಬಂತು, ಕೋಚ್‌ಗೆ ಕೀರ್ತಿ ಬಂತು. ಹುಡುಗನಿಗೆ ಬರಬೇಕಾದದ್ದು ವಿದ್ಯೆ ಎಂದು ಹೇಳಲಾಯಿತು. ಅವನೂ ಲೆಕ್ಕ ಬಲ್ಲವನು. ತುಂಬಿದ ಕುರ್ಚಿಗಳನ್ನು ಎಣಿಸುತ್ತಿದ್ದ.

ಈಗ ಜೂನಿಯಸ್ ಕೆಲಾಗ್ ಎಂಬ ಹುಡುಗನ ವಿಷಯ. ವರ್ಜೀನಿಯಾದಿಂದ ಬಂದ ಕಪ್ಪು ಹುಡುಗ, ಆರಡಿ ಎಂಟಂಗುಲ ಎತ್ತರ, ಮ್ಯಾನ್‌ಹಟನ್ ಕಾಲೇಜಿನ ತಂಡದಲ್ಲಿ ಸೆಂಟರ್. ಮನೆಯಲ್ಲಿ ಬಡತನ. 1951ರ ಜನವರಿಯಲ್ಲಿ ಹಿಂದಿನ ವರ್ಷದ ತಂಡದ ಇಬ್ಬರು ನಾಯಕರಲ್ಲಿ ಒಬ್ಬನಾಗಿದ್ದ ಹ್ಯಾಂಕ್ ಪಾಪಿ ಹಾಸ್ಟೆಲ್ ಕೋಣೆಗೆ ಬಂದ. ಹಳೆಯ ಗೆಳೆಯ, ಅಣ್ಣನ ಹಾಗೆ. ಕುಶಲ ವಿಚಾರಿಸಿ, ಡಿಪಾಲ್ ವಿಶ್ವವಿದ್ಯಾಲಯದ ಜತೆಗಿನ ಪಂದ್ಯಕ್ಕೆ 1,000 ಡಾಲರ್ ಕೊಡಿಸುತ್ತೇನೆ ಎಂದ. ಹೇಗೆ ಆಡಬೇಕು ಎಂಬ ಪಾಠವನ್ನೂ ಮುಂದೆ ಹೇಳಿಕೊಟ್ಟ: ಹುಕ್ ಶಾಟ್ ಎಸೆಯುವಾಗ ಕೈ ತುಸು ಜೋರಾಗಲಿ, ಎದುರಾಳಿ ಬುಟ್ಟಿಗೆ ಗುರಿ ಇಟ್ಟಾಗ ಅಡ್ಡ ಹೋಗಬೇಡ, ರೀಬೌಂಡ್ ಸಿಕ್ಕರೆ ಚೆಂಡನ್ನು ಅವಸರವಾಗಿ ದಾಟಿಸಬೇಡ. ಆದರೆ ನೋಡುವವರಿಗೆ ಗೊತ್ತಾಗುವಷ್ಟು ಕೆಟ್ಟದಾಗಿಯೂ ಆಡಬೇಡ.

ಕೆಲಾಗ್ ಮರುದಿನ ಕೋಚ್ ಕೆನ್ ನಾರ್ಟನ್ ಬಳಿ ಹೋಗಿ ನಡೆದದ್ದನ್ನು ಹೇಳಿದ. ನಾರ್ಟನ್ ಅವನನ್ನು ಕಾಲೇಜಿನ ಮುಖ್ಯಸ್ಥರ ಬಳಿ ಕಳಿಸಿದರು, ಅವರು ಪೊಲೀಸರಿಗೆ ಹೇಳಿದರು. ಒಪ್ಪಿಕೊಂಡವನಂತೆ ನಟಿಸು ಎಂದರು ಪೊಲೀಸರು. ಪಂದ್ಯದ ದಿನ ಕೆಲಾಗ್ ಗಾಬರಿಯಲ್ಲಿ ಎಷ್ಟು ಕೆಟ್ಟದಾಗಿ ಆಡಿದನೆಂದರೆ, ದುಡ್ಡು ಇಸಿದುಕೊಂಡಿದ್ದರೂ ಅಷ್ಟು ಅಚ್ಚುಕಟ್ಟಾಗಿ ಕೆಡಿಸುತ್ತಿರಲಿಲ್ಲವೇನೋ. ಅವನ ಬದಲಿಗೆ ಇಳಿದವನು ಆಟ ಉಳಿಸಿದ. ಮ್ಯಾನ್‌ಹಟನ್ 62–59ರಿಂದ ಗೆದ್ದಿತು. ಪಾಪಿ ಸಿಕ್ಕಿಬಿದ್ದ. ಅಲ್ಲಿಂದ ಒಂದೊಂದೇ ಎಳೆ ಬಿಚ್ಚಿಕೊಂಡಿತು.

ಆ ಹುಡುಗ ಹೋಗಿ ಬಾಗಿಲು ತಟ್ಟಿದನಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಹೇಳಿದರೆ ಕೋಚ್ ನಂಬುತ್ತಾರೆ, ನನ್ನ ಮೇಲೇ ತಿರುಗಿಬೀಳುವುದಿಲ್ಲ ಎಂಬ ಧೈರ್ಯ ಅವನಿಗೆ ಎಲ್ಲಿಂದಲೋ ಬಂದಿತ್ತು. ಹಾಗೆಂದು ನಾರ್ಟನ್ ಅವರನ್ನು ಮಹಾಪುರುಷ ಮಾಡುವ ಹಾಗೂ ಇಲ್ಲ. ಅದೇ ಪಾಪಿ, ಅವನ ಜತೆ ಇನ್ನೊಬ್ಬ ನಾಯಕ, ಹಿಂದಿನ ಋತುವಿನಲ್ಲಿ ನಾರ್ಟನ್ ಕಣ್ಣೆದುರೇ ಪಂದ್ಯಗಳನ್ನು ಮಾರಿಕೊಂಡಿದ್ದರು. ಒಂದೇ ಬಾಗಿಲು, ಒಬ್ಬ ತಟ್ಟಿದ, ಇಬ್ಬರು ಅದರ ಮುಂದೆಯೇ ಓಡಾಡಿಕೊಂಡು ಹೋದರು.

ಫೆಬ್ರವರಿ 17ರ ರಾತ್ರಿ ನ್ಯೂಯಾರ್ಕ್ ಸಿಟಿ ಕಾಲೇಜಿನ ತಂಡ ಫಿಲಡೆಲ್ಫಿಯಾದಲ್ಲಿ ಟೆಂಪಲ್ ವಿಶ್ವವಿದ್ಯಾಲಯವನ್ನು ಸೋಲಿಸಿ ರೈಲಿನಲ್ಲಿ ವಾಪಸಾಗುತ್ತಿತ್ತು. ಜಿಲ್ಲಾ ಅಟಾರ್ನಿ ಫ್ರಾಂಕ್ ಹೋಗನ್ ಕಳಿಸಿದ್ದ ಪತ್ತೇದಾರರು ಬಂದು, ನಿಮ್ಮ ಕೆಲವು ಹುಡುಗರನ್ನು ಕರೆದೊಯ್ಯಬೇಕು ಎಂದು ಕೋಚ್ ನ್ಯಾಟ್ ಹೋಲ್ಮನ್‌ಗೆ ತಿಳಿಸಿದರು. ಎಡ್ ವಾರ್ನರ್, ಎಡ್ ರೋಮನ್, ಆಲ್ ರಾತ್ ಎಂಬ ಮೂವರು ಅಂದು ಮನೆಗೆ ಹೋಗಲಿಲ್ಲ.

ಫ್ಲಾಯ್ಡ್ ಲೇನ್ ಕೂಡ ಆಡುತ್ತಿದ್ದ ಈ ತಂಡ ಯಾವುದು ಎಂಬುದನ್ನು ಹೇಳದಿದ್ದರೆ ಆ ರಾತ್ರಿಯ ಭಾರ ತಿಳಿಯುವುದಿಲ್ಲ. ಸಿಟಿ ಕಾಲೇಜಿನಲ್ಲಿ ಆಗ ಫೀಸಿರಲಿಲ್ಲ. ವಲಸೆ ಬಂದ ದರ್ಜಿಗಳ, ಕೂಲಿಗಳ ಮಕ್ಕಳು ಓದಿ ಮೇಲೆ ಬರಲು ಇದ್ದ ಏಣಿ ಅದು. ಮುಖ್ಯ ಐವರಲ್ಲಿ ಮೂವರು ಯೆಹೂದಿಗಳು, ಇಬ್ಬರು ಕಪ್ಪು ಹುಡುಗರು. 1950ರಲ್ಲಿ ಈ ತಂಡ ಎನ್‌ಐಟಿ, ಎನ್‌ಸಿಎಎ ಎಂಬ ಎರಡೂ ರಾಷ್ಟ್ರೀಯ ಪ್ರಶಸ್ತಿಗಳನ್ನು ಒಂದೇ ಋತುವಿನಲ್ಲಿ ಗೆದ್ದಿತು. ಅದಕ್ಕೆ ಮೊದಲು ಯಾರೂ ಗೆದ್ದಿರಲಿಲ್ಲ, ಆಮೇಲೂ ಯಾರೂ ಗೆಲ್ಲಲಿಲ್ಲ. ದಾರಿಯಲ್ಲಿ ಕೆಂಟಕಿ ವಿಶ್ವವಿದ್ಯಾಲಯದಂಥ ಬಲಾಢ್ಯ ತಂಡವನ್ನು 89–50ರಿಂದ ಬಡಿದಿತ್ತು. ಬೀದಿಬೀದಿಯಲ್ಲಿ ಸಂಭ್ರಮ. ವರ್ಷ ತುಂಬುವುದರೊಳಗೆ ಅದೇ ಹುಡುಗರು ಕಟಕಟೆಯಲ್ಲಿ.

ಹೋಲ್ಮನ್ ಸ್ವತಃ ಮ್ಯಾನ್‌ಹಟನ್‌ನ ಬಡ ಬೀದಿಗಳಿಂದ ಬಂದವರು. ಆಟಗಾರರಾಗಿ ಅವರಿಗೆ ಎಷ್ಟು ಹೆಸರೆಂದರೆ ಜನ ‘ಮಿಸ್ಟರ್ ಬಾಸ್ಕೆಟ್‌ಬಾಲ್’ ಎನ್ನುತ್ತಿದ್ದರು. ಒಳ್ಳೆಯ ಸೂಟು, ತಿದ್ದಿದ ಮಾತು, ತುಸು ದೂರ ನಿಲ್ಲುವ ಸ್ವಭಾವ. ಹುಡುಗರನ್ನು ಹುಡುಕಿ ತರುವ ಕೆಲಸ ಸಹಾಯಕ ಬಾಬಿ ಸ್ಯಾಂಡ್ ಅವರದು. ಹಗರಣ ಬಂದಾಗ ಹೋಲ್ಮನ್ ಹೇಳಿದ್ದು ಒಂದೇ: ನನಗೆ ಏನೂ ಗೊತ್ತಿರಲಿಲ್ಲ. 1952ರಲ್ಲಿ ಅಮಾನತಾದರು, ಹೋರಾಡಿದರು, 1954ರಲ್ಲಿ ಹುದ್ದೆ ಮರಳಿ ಪಡೆದರು. ಅವರು ಹೇಳಿದ್ದು ನಿಜವೇ ಇರಬಹುದು. ನನಗೆ ಚುಚ್ಚುವುದೂ ಅದು ನಿಜವಾಗಿರಬಹುದು ಎಂಬುದೇ.

ಇಲ್ಲಿ ನನ್ನದೊಂದು ಸಣ್ಣ ನೆನಪು. ನಾನೂ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವನು. ಆಡಿದೆ ಅನ್ನುವುದಕ್ಕಿಂತ ಬೆಂಚು ಕಾದೆ ಅನ್ನಿ. ಒಂದು ಅಂತರ ಕಾಲೇಜು ಪಂದ್ಯಕ್ಕೆ ನಮ್ಮ ಸೆಂಟರ್‌ಗೆ ಜ್ವರ. ಹಾಜರಿ ಪುಸ್ತಕದಲ್ಲೇ ಇಲ್ಲದ ಹುಡುಗನೊಬ್ಬ ಅವನ ಹೆಸರಿನಲ್ಲಿ, ಅವನ ಜರ್ಸಿಯಲ್ಲಿ ಆಡಿದ. ತಂಡದ ಪಟ್ಟಿ ಓದುವಾಗ ನಮ್ಮ ಮೇಷ್ಟರು ಬುಟ್ಟಿಯ ಬಲೆ ಹರಿದಿದೆಯೇ ಎಂದು ತಲೆ ಎತ್ತಿ ನೋಡುತ್ತಿದ್ದರು. ಬಲೆ ಹರಿದಿರಲಿಲ್ಲ. ಬಹಳ ಒಳ್ಳೆಯ ಮನುಷ್ಯ. ಇವತ್ತಿಗೂ ನನಗೆ ಅವರ ಮೇಲೆ ಗೌರವವಿದೆ. ಆದರೆ ಅವರು ಬಲೆ ನೋಡಿದ್ದನ್ನು ನಾವು ಹನ್ನೆರಡೂ ಜನ ನೋಡಿದೆವು.

ಇಂಥದ್ದೇ ಒಂದು ಪ್ರಸಂಗ ಬ್ರೂಕ್ಲಿನ್ ಕಾಲೇಜಿನಲ್ಲಿ 1945ರಲ್ಲೇ ಆಗಿತ್ತು. ಐವರು ಹುಡುಗರು ಪಂದ್ಯ ಸೋಲಲು ಲಂಚ ತೆಗೆದುಕೊಂಡು ಸಿಕ್ಕಿಬಿದ್ದರು. ಅವರಲ್ಲಿ ಒಬ್ಬ ಆ ಕಾಲೇಜಿನ ವಿದ್ಯಾರ್ಥಿಯೇ ಆಗಿರಲಿಲ್ಲ! ಹವ್ಯಾಸಿ ಆಟಗಾರರಿಗೆ ಲಂಚ ಕೊಡುವುದನ್ನು ಅಪರಾಧವೆಂದು ನ್ಯೂಯಾರ್ಕ್ ರಾಜ್ಯ ಆಗ ಕಾನೂನು ಮಾಡಿತು. 1951ರಲ್ಲಿ ಹುಡುಗರು ಸಿಕ್ಕಿಬಿದ್ದದ್ದು ಅದೇ ಕಾನೂನಿನ ಬಲೆಯಲ್ಲಿ. ನಮ್ಮಲ್ಲಿ ಸಂಗತಿ ಬೇರೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನಲ್ಲಿ ಫಿಕ್ಸಿಂಗ್ ಆರೋಪದ ಮೇಲೆ ಬೆಂಗಳೂರು ಪೊಲೀಸರು ಬಂಧನಗಳನ್ನು ಮಾಡಿದ್ದು ನಿಮಗೆ ನೆನಪಿರಬಹುದು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅದರಲ್ಲಿನ ವಂಚನೆಯ ಮೊಕದ್ದಮೆಯನ್ನು ರದ್ದು ಮಾಡಿತು. ಮ್ಯಾಚ್ ಫಿಕ್ಸಿಂಗ್ ಅಶಿಸ್ತು, ಅಪ್ರಾಮಾಣಿಕತೆ ಆಗಬಹುದು. ದಂಡಸಂಹಿತೆಯ 420ನೇ ಕಲಮಿನ ವಂಚನೆ ಆಗುವುದಿಲ್ಲ, ಕ್ರಮ ಜರುಗಿಸುವ ಅಧಿಕಾರ ಕ್ರಿಕೆಟ್ ಮಂಡಳಿಗಿದೆ ಎಂದಿತು. ಕಾನೂನಿನ ಮಾತು ಕಾನೂನಿಗೆ ಬಿಡೋಣ. ಆಡುಮಾತಿನಲ್ಲಿ ಮೋಸಗಾರನನ್ನು ಫೋರ್‌ಟ್ವೆಂಟಿ ಎಂದು ಕರೆಯುವ ನಮಗೆ ಅದು ವಿಚಿತ್ರವಾಗಿ ಕೇಳಿಸಿತು, ಅಷ್ಟೆ.

ಮತ್ತೆ ಅಮೆರಿಕಕ್ಕೆ. ಕೆಂಟಕಿಯ ಕೋಚ್ ಅಡಾಲ್ಫ್ ರಪ್. ಗತ್ತಿನ ಮನುಷ್ಯ, ಗೆಲುವಿನ ಹುಲಿ. ನ್ಯೂಯಾರ್ಕಿನ ಹುಡುಗರು ಸಿಕ್ಕಿಬಿದ್ದಾಗ ಅವರು ಜಂಬ ಕೊಚ್ಚಿದರು: ಹತ್ತಡಿ ಗಳ ಹಿಡಿದು ಬಂದರೂ ಜೂಜುಕೋರರು ನನ್ನ ಹುಡುಗರನ್ನು ಮುಟ್ಟಲಾರರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲೆಕ್ಸ್ ಗ್ರೋಜಾ, ರಾಲ್ಫ್ ಬೇರ್ಡ್, ಡೇಲ್ ಬಾರ್ನ್‌ಸ್ಟೇಬಲ್ ಬಂಧನವಾಯಿತು. ಗ್ರೋಜಾ, ಬೇರ್ಡ್ ಇಬ್ಬರೂ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು! 1949ರ ಎನ್‌ಐಟಿಯಲ್ಲಿ ಲೊಯೋಲಾ ತಂಡದೆದುರು ಅಂಕ ಸವರಲು ಹೋಗಿ ಪಂದ್ಯವನ್ನೇ ಕೈಬಿಟ್ಟಿದ್ದರು. ವೃತ್ತಿ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಇವರಿಬ್ಬರಿಗೂ ಜೀವಮಾನದ ನಿಷೇಧ ಹಾಕಿತು.

ಆಗ ರಪ್ ಏನೆಂದರು ಗೊತ್ತೇ? ಹಿಂದೆ ಶಿಕಾಗೋದ ಬೇಸ್‌ಬಾಲ್ ಆಟಗಾರರು ಪಂದ್ಯವನ್ನೇ ಬಿಟ್ಟುಕೊಟ್ಟಿದ್ದರು, ನನ್ನ ಹುಡುಗರು ಬರೀ ಅಂಕ ಸವರಿದ್ದಾರೆ ಎಂಬ ಅರ್ಥದ ಮಾತು. ಕ್ಯಾಟ್‌ಸ್ಕಿಲ್ ಬೆಟ್ಟದ ಹುಡುಗರ ಲೆಕ್ಕವೇ ಗುರುವಿನ ಬಾಯಲ್ಲೂ ಬಂತು. ಶಿಷ್ಯ ಗುರುವಿನಿಂದ ಕಲಿತನೋ, ಗುರು ಶಿಷ್ಯನಿಂದ ಕಲಿತರೋ!

ನ್ಯಾಯಾಧೀಶ ಸಾಲ್ ಸ್ಟ್ರೈಟ್ ತೀರ್ಪು ಕೊಡುವಾಗ ಹುಡುಗರಿಗೆ ಹೇಳಿದ್ದಕ್ಕಿಂತ ಕಟುವಾಗಿ ಕಾಲೇಜುಗಳಿಗೂ ಕೋಚ್‌ಗಳಿಗೂ ಹೇಳಿದರು. ಕೆಂಟಕಿ ವಿಶ್ವವಿದ್ಯಾಲಯದ ಊರಾದ ಲೆಕ್ಸಿಂಗ್ಟನ್‌ನ ಹೆಸರಾಂತ ಬುಕ್ಕಿಯೊಬ್ಬನ ಜತೆ ರಪ್ ಅವರಿಗಿದ್ದ ಒಡನಾಟವನ್ನೂ ಎತ್ತಿ ಆಡಿದರು. 1952–53ರ ಋತುವಿಡೀ ಕೆಂಟಕಿ ಆಡುವಂತಿರಲಿಲ್ಲ. ರಪ್ ಮರುವರ್ಷವೇ ಒಂದೂ ಸೋಲದ ತಂಡ ಕಟ್ಟಿದರು, 1958ರಲ್ಲಿ ಮತ್ತೆ ರಾಷ್ಟ್ರೀಯ ಪ್ರಶಸ್ತಿ ಎತ್ತಿದರು. ಅವರ ಹೆಸರಿನಲ್ಲಿ ದೊಡ್ಡ ಕ್ರೀಡಾಂಗಣವಿದೆ. ಲೋಕಕ್ಕೆ ಗೆದ್ದವರೇ ಬೇಕು.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಕ್ಲೇರ್ ಬೀ ಎಂಬ ಇನ್ನೊಬ್ಬರ ಬಳಿ. ಬ್ರೂಕ್ಲಿನ್‌ನ ಲಾಂಗ್ ಐಲ್ಯಾಂಡ್ ವಿಶ್ವವಿದ್ಯಾಲಯದ ಕೋಚ್. 1938–39ರಲ್ಲಿ ಆಡಿದ ಎಲ್ಲ ಪಂದ್ಯಗಳನ್ನೂ ಗೆದ್ದವರು, 1939 ಮತ್ತು 1941ರ ಎನ್‌ಐಟಿ ಗೆದ್ದವರು. 1-3-1 ಎಂಬ ರಕ್ಷಣಾ ವ್ಯೂಹ ಅವರ ತಲೆಯಿಂದ ಬಂದದ್ದು. ಆದರೆ ಅಮೆರಿಕದ ಹುಡುಗರಿಗೆ ಅವರ ಗುರುತು ಬೇರೆಯೇ ಇತ್ತು: ಅವರು ಮಕ್ಕಳ ಕಾದಂಬರಿಕಾರ. 1948ರಿಂದ ಚಿಪ್ ಹಿಲ್ಟನ್ ಎಂಬ ಹುಡುಗನ ಕಥಾಮಾಲೆ ಬರೆಯತೊಡಗಿದ್ದರು. ತಂದೆಯಿಲ್ಲದ ಹುಡುಗ ಚಿಪ್, ವ್ಯಾಲಿ ಫಾಲ್ಸ್ ಎಂಬ ಊರು, ಕೆಲಸ ಮಾಡಿ ಮನೆ ನಡೆಸುವ ತಾಯಿ, ರಾಕ್‌ವೆಲ್ ಎಂಬ ಕೋಚ್. ಆ ಕೋಚ್‌ಗೆ ಹುಡುಗರ ಮನಸ್ಸಿನ ತಳಮಳವೆಲ್ಲ ಹೇಗೋ ತಿಳಿಯುತ್ತದೆ. ಚಿಪ್ ಆಮಿಷಕ್ಕೆ ಬಗ್ಗುವವನಲ್ಲ. ಲಕ್ಷಾಂತರ ಅಮೆರಿಕನ್ ಹುಡುಗರು ಅವನನ್ನು ಓದಿ ಬೆಳೆದರು.

ಈಗ ಚಿತ್ರ ನೋಡಿ. ರಾತ್ರಿ ಮೇಜಿನ ಮುಂದೆ ಕೂತ ಬೀ, ಪ್ರಾಮಾಣಿಕ ಆಟಗಾರನ ಕಥೆ ಹೆಣೆಯುತ್ತಿದ್ದಾರೆ. ಹಗಲು ಅವರದೇ ಅಂಗಳದಲ್ಲಿ ಶರ್ಮನ್ ವೈಟ್, ಅಡಾಲ್ಫ್ ಬಿಗೋಸ್, ಲಿರಾಯ್ ಸ್ಮಿತ್ ಎಂಬ ಮೂವರು ಆಭರಣದ ವ್ಯಾಪಾರಿಯೂ ಜೂಜುಕೋರನೂ ಆದ ಸಾಲ್ವಟೋರ್ ಸೊಲಾಜೋನಿಂದ ಹಣ ಪಡೆದು ಅಂಕ ಸವರುತ್ತಿದ್ದಾರೆ. ದಲ್ಲಾಳಿ ಎಡ್ಡಿ ಗಾರ್ಡ್, ಅವನೂ ಅದೇ ತಂಡದ ಹಳೆಯ ಹುಡುಗ. ವೈಟ್ ಎಂದರೆ ಆ ವರ್ಷ ದೇಶದಲ್ಲೇ ಅತಿ ಹೆಚ್ಚು ಅಂಕ ಗಳಿಸುತ್ತಿದ್ದವನು, ಪಂದ್ಯಕ್ಕೆ ಸರಾಸರಿ 27.7. ಅಂಥವನಿಗೆ ರೈಕರ್ಸ್ ದ್ವೀಪದ ಸೆರೆಮನೆಯಲ್ಲಿ ಒಂದು ವರ್ಷದ ಶಿಕ್ಷೆ ವಿಧಿಸಲಾಯಿತು. ವೃತ್ತಿ ಆಟದ ಬಾಗಿಲು ಶಾಶ್ವತವಾಗಿ ಮುಚ್ಚಿತು. ವಿಶ್ವವಿದ್ಯಾಲಯ ತನ್ನ ಕ್ರೀಡಾ ತಂಡಗಳನ್ನೇ ಮುಚ್ಚಿಬಿಟ್ಟಿತು. ಬಾಸ್ಕೆಟ್‌ಬಾಲ್ ಮತ್ತೆ ಶುರುವಾದದ್ದು 1957ರಲ್ಲಿ.

ಬೀ ಅವರನ್ನು ಕಪಟಿ ಎಂದುಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಅವರು ಕಾದಂಬರಿಯಲ್ಲಿ ಬರೆದದ್ದನ್ನು ನಂಬಿದ್ದರು. ಎಷ್ಟು ನಂಬಿದ್ದರೆಂದರೆ, ತನ್ನೆದುರು ನಿಂತ ಹುಡುಗರೆಲ್ಲ ಚಿಪ್ ಹಿಲ್ಟನ್‌ಗಳೇ ಎಂದುಕೊಂಡಿದ್ದರೇನೋ. ಕಾದಂಬರಿಯ ಹುಡುಗನ ಮನಸ್ಸಿನಲ್ಲಿ ಏನಿದೆ ಎಂದು ಬರೆಯುವವನಿಗೆ ಗೊತ್ತಿರುತ್ತದೆ, ಅವನೇ ಇಟ್ಟದ್ದಲ್ಲವೇ. ನಿಜವಾದ ಹುಡುಗನನ್ನು ಕೂರಿಸಿಕೊಂಡು ಕೇಳಬೇಕು. ಗಾರ್ಡನ್ ತುಂಬುತ್ತಿದ್ದ ಆ ವರ್ಷಗಳಲ್ಲಿ ಕೇಳುವ ಪುರಸೊತ್ತು ಯಾರಿಗಿತ್ತು?

1952ರಲ್ಲಿ ಬೀ ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಹುಡುಗರು ಜೂಜುಕೋರರಿಗೆ ಏಕೆ ಮಾರಿಕೊಂಡರು ಎಂಬುದು ನನಗೆ ಗೊತ್ತು ಎಂಬರ್ಥದ ತಲೆಬರಹ. ಹೋಲ್ಮನ್ ಮಾತಿಗೆ ಸರಿಯಾಗಿ ಎದುರು ನೋಡಿ: ಅವರು ಗೊತ್ತಿರಲಿಲ್ಲ ಎಂದರು, ಇವರು ಗೊತ್ತು ಎಂದರು. ಗೆಲುವಿನ ಹಿಂದೆ ಬಿದ್ದು ಬೇರೆಲ್ಲ ಮರೆತವರಲ್ಲಿ ತಾನೂ ಒಬ್ಬ, ಆಟವನ್ನು ಅಂಗಡಿ ಮಾಡಿದ ಕೋಚ್‌ಗಳ ಪಾಲೂ ಈ ತಪ್ಪಿನಲ್ಲಿದೆ ಎಂದು ಅದರಲ್ಲಿ ಒಪ್ಪಿಕೊಂಡರು. ಯಾವ ನ್ಯಾಯಾಲಯವೂ ಅವರನ್ನು ಕರೆದು ಇದನ್ನು ಹೇಳಿಸಲಿಲ್ಲ.

ಹಾಗೆ ಹೇಳಿದ್ದರಿಂದ ಅವರಿಗೇನೂ ಲಾಭವಾಗಲಿಲ್ಲ. ಬಾಲ್ಟಿಮೋರ್ ಬುಲೆಟ್ಸ್ ಎಂಬ ವೃತ್ತಿ ತಂಡಕ್ಕೆ ಎರಡು ವರ್ಷ ಕೋಚ್ ಆಗಿ ಗೆದ್ದದ್ದಕ್ಕಿಂತ ಬಹಳ ಹೆಚ್ಚು ಸೋತರು. ಆಮೇಲೆ ಹಡ್ಸನ್ ನದಿಯ ಬಳಿಯ ಕಾರ್ನ್‌ವಾಲ್‌ನಲ್ಲಿ ಒಂದು ಸೈನಿಕ ಶಾಲೆಯ ಕ್ರೀಡಾ ನಿರ್ದೇಶಕರಾದರು. ಚಿಪ್ ಹಿಲ್ಟನ್ ಪುಸ್ತಕಗಳನ್ನು ಮಾತ್ರ ನಿಲ್ಲಿಸಲಿಲ್ಲ. 1960ರ ದಶಕದವರೆಗೂ ಬರೆಯುತ್ತಲೇ ಇದ್ದರು. ನಾಚಿಕೆಯಾಗಿ ಪೆನ್ನು ಕೆಳಗಿಡಬೇಕಿತ್ತು ಎಂದು ಕೆಲವರಿಗೆ ಅನ್ನಿಸಬಹುದು. 1951ರ ಆಮೇಲೂ ರಾಕ್‌ವೆಲ್‌ನಂಥ ಕೋಚ್‌ನ ಬಗ್ಗೆ ಬರೆಯಲು ಹೆಚ್ಚು ಎದೆಗಾರಿಕೆ ಬೇಕಾಗಿರಬೇಕು ಎಂದು ನನಗನ್ನಿಸುತ್ತದೆ. ಹತ್ತಿರದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿದ್ದ ಬಾಬ್ ನೈಟ್ ಎಂಬ ತರುಣ ಕೋಚ್ ಇವರ ಶಿಷ್ಯನಂತಾದರು. ಮುಂದೆ ನೈಟ್ ಮಹಾ ಕೋಚ್ ಎನಿಸಿಕೊಂಡರು, ಪಂದ್ಯದ ನಡುವೆ ಕುರ್ಚಿ ಎಸೆದು ಕುಖ್ಯಾತರೂ ಆದರು. ಬೀ ಕಣ್ಮುಚ್ಚಿದ್ದು 1983ರಲ್ಲಿ.

ಕೆಲಾಗ್ ಏನಾದ ಎಂದು ನೀವು ಕೇಳದೆ ಬಿಡುವುದಿಲ್ಲ. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ತಂಡದ ಜತೆ ಊರೂರು ಆಡುತ್ತಿದ್ದವನು 1954ರಲ್ಲಿ ಕಾರು ಅಪಘಾತದಲ್ಲಿ ದೇಹದ ಸ್ವಾಧೀನ ಕಳೆದುಕೊಂಡ. ಗಾಲಿಕುರ್ಚಿಯಲ್ಲೇ ಕೂತು ಗಾಲಿಕುರ್ಚಿ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆದ. ನ್ಯೂಯಾರ್ಕ್ ನಗರಾಡಳಿತದಲ್ಲಿ ದೊಡ್ಡ ಹುದ್ದೆಗೂ ಏರಿದ.

ಇನ್ನು ಹೂಕುಂಡದ ಹುಡುಗ. ಫ್ಲಾಯ್ಡ್ ಲೇನ್‌ಗೂ ಎನ್‌ಬಿಎ ಬಾಗಿಲು ತೆರೆಯಲಿಲ್ಲ. ಬ್ರಾಂಕ್ಸ್‌ನ ಬೀದಿ ಮಕ್ಕಳಿಗೆ ಸಂಜೆ ಹೊತ್ತು ಆಟ ಕಲಿಸುತ್ತ ಉಳಿದ. ಆ ಮಕ್ಕಳಲ್ಲಿ ಒಬ್ಬ ಕುಳ್ಳ ಹುಡುಗ, ನೇಟ್ ಆರ್ಚಿಬಾಲ್ಡ್, ಮುಂದೆ ಎನ್‌ಬಿಎಯ ಮಹಾ ಆಟಗಾರರಲ್ಲಿ ಒಬ್ಬನಾದ. 1974ರಲ್ಲಿ ನ್ಯೂಯಾರ್ಕ್ ಸಿಟಿ ಕಾಲೇಜು ಹೊಸ ಕೋಚ್ ಹುಡುಕುತ್ತಿತ್ತು. ಅದು ಲೇನ್ ಅವರನ್ನು ಕರೆಯಿತು. ಒಂದು ಕಾಲಕ್ಕೆ ಹೋಲ್ಮನ್ ಅವರದಾಗಿದ್ದ ಹುದ್ದೆ, ಇಪ್ಪತ್ತಮೂರು ವರ್ಷದ ಹಿಂದೆ ಪೊಲೀಸರು ಬಂದು ಕರೆದೊಯ್ದ ಅದೇ ಹುಡುಗನಿಗೆ. ವಯಸ್ಸು ಆಗ ನಲವತ್ತೈದರ ಆಸುಪಾಸು. ಕೊರಳಲ್ಲಿ ಸೀಟಿ ಹಾಕಿಕೊಂಡು ಅಂಗಳಕ್ಕೆ ಇಳಿದರು. ಮುಂದಿನ ಹದಿನಾಲ್ಕು ವರ್ಷ ಅಲ್ಲಿನ ಹುಡುಗರಿಗೆ ಏನಾದರೂ ಹೇಳಿಕೊಳ್ಳುವುದಿದ್ದರೆ, ತಟ್ಟಬೇಕಾಗಿದ್ದದ್ದು ಫ್ಲಾಯ್ಡ್ ಲೇನ್ ಅವರ ಬಾಗಿಲು.